ಎಷ್ಟು ಗಂಟೆ ಹಾರುತ್ತೆ, ಎಷ್ಟು ದಿನ ನಿಲ್ಲುತ್ತೆ?

ಭದ್ರಾವತಿಯಿಂದ ಶಿವಮೊಗ್ಗಕ್ಕೆ ಹೋಗುವ ಬಿ.ಎಚ್. ರಸ್ತೆ. ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ ದಾಟಿದೆ, ನಿದಿಗೆ ಬಂದಿದೆ. ನಿಮ್ಮ ಮುಂದೆ ಒಂದು ಹಳೆಯ ಬೈಕು. ಓಡಿಸುತ್ತಿರುವ ಅಪ್ಪ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯ ಬಾರ್ ಮಿಲ್‌ನಲ್ಲಿ ಮೆಂಟೆನೆನ್ಸ್ ಕೆಲಸ ಮಾಡಿ ನಿವೃತ್ತರಾದವರು. ಹಿಂದೆ ಕೂತ ಮಗಳು ಸಹ್ಯಾದ್ರಿ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಾಳೆ. ಬೈಕು ಹೆದ್ದಾರಿ ಬಿಟ್ಟು ಸೋಗಾನೆಯ ಕಡೆ ಹೊರಳುತ್ತದೆ. ನೀವೂ ಸ್ಕೂಟರ್ ತಿರುಗಿಸುತ್ತೀರಿ.

ವಿಮಾನ ನಿಲ್ದಾಣದ ಹೊರಗಿನ ರಸ್ತೆಯಲ್ಲಿ, ಬೇಲಿಯಾಚೆ ರನ್‌ವೇ ಕಾಣುವ ಒಂದು ಕಡೆ ಇಬ್ಬರೂ ಇಳಿದು ನಿಲ್ಲುತ್ತಾರೆ. ತಾವರೆಯ ಆಕಾರದ ಟರ್ಮಿನಲ್ ದೂರದಲ್ಲಿ ಬೆಳ್ಳಗೆ ಹೊಳೆಯುತ್ತಿದೆ. ಬೆಂಗಳೂರಿನ ಎಟಿಆರ್ ವಿಮಾನ ಬರುವ ಹೊತ್ತು. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಎರಡು ದೀಪ, ಆಮೇಲೆ ಸದ್ದು. ರೆಕ್ಕೆಯ ಹಿಂಬದಿಯ ಫ್ಲ್ಯಾಪ್‌ಗಳನ್ನು ಪೂರ್ತಿ ಇಳಿಸಿಕೊಂಡು ವಿಮಾನ ಬೇಲಿಯ ಮೇಲೆ ಹಾದು ಹೋಗುತ್ತದೆ. ಚಕ್ರ ನೆಲ ಮುಟ್ಟಿದಲ್ಲಿ ಒಂದಿಷ್ಟು ಹೊಗೆ ಏಳುತ್ತದೆ. ಪ್ರೊಪೆಲ್ಲರ್‌ಗಳು ದನಿ ಬದಲಿಸಿ ಗರ್ರೆನ್ನುತ್ತವೆ. ಅರ್ಧ ರನ್‌ವೇ ಮುಟ್ಟುವ ಮೊದಲೇ ಅದರ ಓಟ ನಿಂತು ಹೋಗಿರುತ್ತದೆ.

“ಅಪ್ಪಾಜಿ, ಇದು ಮೂರು ಕಿಲೋಮೀಟರಿಗಿಂತ ಉದ್ದ ಇದೆ. ಸೆಸ್ನಾ 152ರಂಥ ಸಣ್ಣ ತರಬೇತಿ ವಿಮಾನ ನೆಲ ಬಿಡೋಕೆ ಇದರಲ್ಲಿ ಹತ್ತರಲ್ಲೊಂದು ಪಾಲು ಸಾಕು.”

“ಮತ್ತೆ ಇಲ್ಲೇ ಕಲಿಸಬಹುದಲ್ಲ?”

ಅವಳ ಹತ್ತಿರ ಉತ್ತರ ಇಲ್ಲ. ಆದರೆ ಪ್ರಶ್ನೆ ಸರಿಯಾದದ್ದು. ರಾಷ್ಟ್ರಕವಿ ಕುವೆಂಪು ಹೆಸರಿನ ಈ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರವರಿ 27ರಂದು. ಮೊದಲ ಪ್ರಯಾಣಿಕ ವಿಮಾನ ಇಳಿದದ್ದು ಅದೇ ವರ್ಷ ಆಗಸ್ಟ್ 31ಕ್ಕೆ. ಅದೇ ವರ್ಷದ ಇನ್ನೊಂದು ತಿಂಗಳನ್ನು ಭದ್ರಾವತಿಯವರು ಮರೆಯುವುದಿಲ್ಲ: ಆ ಜನವರಿಯಲ್ಲೇ ವಿಐಎಸ್‌ಎಲ್ ಮುಚ್ಚುವ ತೀರ್ಮಾನ ಹೊರಬಿದ್ದಿತ್ತು. 1923ರಲ್ಲಿ ಕುಲುಮೆ ಹೊತ್ತಿಸಿದ ಕಾರ್ಖಾನೆಗೆ ನೂರು ತುಂಬುವ ವರ್ಷ. ಸೋಗಾನೆಯಲ್ಲಿ ಪೆಂಡಾಲ್ ಏಳುತ್ತಿದ್ದಾಗ, ಕೆಲವೇ ಕಿಲೋಮೀಟರ್ ಆಚೆ ಗುತ್ತಿಗೆ ಕಾರ್ಮಿಕರು ಕಾರ್ಖಾನೆ ಉಳಿಸಿ ಎಂದು ಧರಣಿ ಕೂತಿದ್ದರು. ಊರಿನ ಕಾಗದದ ಕಾರ್ಖಾನೆ ಅದಕ್ಕೂ ಮೊದಲೇ ನಿಂತು ಹೋಗಿತ್ತು. ಅಪ್ಪಂದಿರ ಕೆಲಸ ಹೋದ ಊರಿಗೆ, ಮಕ್ಕಳು ಹಾರಲು ಕಲಿಯಬಹುದಾದ ರನ್‌ವೇ ಬಂದಿದೆ. ಅದರ ಮೇಲೆ ಹಗಲಿಡೀ ಬಂದು ಹೋಗುವುದು ಕೆಲವೇ ವಿಮಾನ. ಉಳಿದ ಹೊತ್ತು ಬಿಸಿಲು. ಇಲ್ಲಿ ತರಬೇತಿ ಶಾಲೆ ನಡೆಯಬೇಕು ಎಂಬುದರಲ್ಲಿ ನನಗೆ ಒಂದಿಷ್ಟೂ ಅನುಮಾನವಿಲ್ಲ. ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರ 2021ರಲ್ಲಿ ತನ್ನ ಐದು ನಿಲ್ದಾಣಗಳಲ್ಲಿ ತರಬೇತಿ ಸಂಸ್ಥೆಗಳಿಗೆ ಜಾಗ ಕೊಟ್ಟಾಗ ನಮ್ಮ ಬೆಳಗಾವಿ, ಕಲಬುರಗಿ ಎರಡೂ ಆ ಪಟ್ಟಿಯಲ್ಲಿದ್ದವು. ಸೋಗಾನೆ ಪ್ರಾಧಿಕಾರದ್ದಲ್ಲ, ರಾಜ್ಯ ಸರ್ಕಾರದ ಕೆಎಸ್‌ಐಐಡಿಸಿ ನಡೆಸುತ್ತಿರುವ ನಿಲ್ದಾಣ. ಹಾಗಾಗಿ ಕೇಳಬೇಕಾದ ಬಾಗಿಲು ದೆಹಲಿಯದಲ್ಲ, ಬೆಂಗಳೂರಿನದೇ.

ಅಲ್ಲಿಯವರೆಗೆ ಕಾಯುತ್ತ ಕೂರಲು ಅವಳಿಗೆ ಆಗುವುದಿಲ್ಲ. ಬೈಕು ಶಿವಮೊಗ್ಗದ ಕಡೆ ಹೊರಡುತ್ತದೆ.

ಮಲವಗೊಪ್ಪ, ಎಂಆರ್‌ಎಸ್ ಸರ್ಕಲ್, ತುಂಗಾ ಸೇತುವೆ. ವಿನೋಬನಗರದ ಅಡ್ಡರಸ್ತೆಯೊಂದರಲ್ಲಿ, ಮುಂದೆ ಸಂಪಿಗೆ ಗಿಡ ಇರುವ ಮನೆ. ಮನೆಯ ಯಜಮಾನರು ವಾಯುಪಡೆಯಲ್ಲಿ ಎಂಜಿನ್ ಫಿಟ್ಟರ್ ಆಗಿದ್ದವರು. ಜಗಲಿಯ ಮೇಲೆ ಕುರ್ಚಿ ಹಾಕಿಸುತ್ತಾರೆ. ಕಾಫಿಯ ಜೊತೆ ಕೋಡುಬಳೆ ಬರುತ್ತದೆ. ನಿಮಗೂ ಒಂದು ಲೋಟ.

“ಮೊದ್ಲು ಒಂದು ಹೇಳಮ್ಮ. ನಿಂಗೆ ಪೈಲಟ್ ಕೆಲಸ ಬೇಕೋ, ಹಾರೋದು ಕಲೀಬೇಕೋ?”

“ಅಂಕಲ್, ಮೊದಲು ಪ್ರೈವೇಟ್ ಪೈಲಟ್ ಲೈಸೆನ್ಸ್. ನನ್ನ ಕೈಗೆ ಒಗ್ಗುತ್ತೆ ಅಂತ ಗೊತ್ತಾದ್ಮೇಲೆ ಮುಂದಿನದು.”

ಅವರು ತಲೆಯಾಡಿಸುತ್ತಾರೆ. ಈ ಹುಡುಗಿಯ ಯೋಚನೆ ಅವರಿಗೆ ಹಿಡಿಸಿದೆ ಎಂದು ನಿಮಗೆ ಗೊತ್ತಾಗುತ್ತದೆ. ನಮ್ಮ ದೇಶದ ಬಹುಪಾಲು ಶಾಲೆಗಳು ನಡೆಯುವುದು ಕಮರ್ಷಿಯಲ್ ಲೈಸೆನ್ಸ್‌ಗಾಗಿ ಬರುವವರನ್ನು ನಂಬಿಕೊಂಡು: 200 ಗಂಟೆಯ ಹಾರಾಟ, ಹತ್ತಾರು ಲಕ್ಷದ ಖರ್ಚು, ಪಿಯುಸಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ. ಪ್ರೈವೇಟ್ ಲೈಸೆನ್ಸ್‌ಗೆ 17 ವರ್ಷ ತುಂಬಿರಬೇಕು, ಹತ್ತನೇ ತರಗತಿ ಪಾಸಾಗಿರಬೇಕು, ಕಡಿಮೆಯೆಂದರೆ 40 ಗಂಟೆ ಹಾರಿರಬೇಕು. ಅದರಲ್ಲಿ ಒಬ್ಬರೇ ಕೂತು ಊರಿಂದೂರಿಗೆ ಹಾರಿದ ಐದು ಗಂಟೆ ಇರಬೇಕು. 150 ನಾಟಿಕಲ್ ಮೈಲಿಯ ಒಂದು ಹಾರಾಟದಲ್ಲಿ ಎರಡು ಬೇರೆ ಬೇರೆ ನಿಲ್ದಾಣಗಳಲ್ಲಿ ಇಳಿದು ನಿಂತು ಮತ್ತೆ ಏರಿರಬೇಕು. ಈ ಲೈಸೆನ್ಸ್ ಇಟ್ಟುಕೊಂಡು ಸಂಬಳಕ್ಕೆ ಹಾರಿಸುವಂತಿಲ್ಲ. ಇಷ್ಟೇ ಸಾಕು ಎಂದು ಬರುವವರನ್ನು ಕೆಲವು ಕಡೆ ಅರೆಮನಸ್ಸಿನಿಂದ ನೋಡುತ್ತಾರೆ. ಪೂರ್ತಿ ಕೋರ್ಸಿಗೇ ಸೇರಿಬಿಡಿ ಎಂದು ಒತ್ತಾಯ ಮಾಡುತ್ತಾರೆ.

“ಎಲ್ಲೆಲ್ಲಿ ಇದೆ ಸಾರ್, ನಮಗೆ ಹತ್ತಿರ?” ಅಪ್ಪ ಕೇಳುತ್ತಾರೆ.

ಅವರು ಬೆರಳು ಮಡಿಸುವುದಿಲ್ಲ. ಟೀಪಾಯಿಯ ಮೇಲಿನ ಕಾಫಿ ಲೋಟಗಳನ್ನೇ ಅತ್ತಿತ್ತ ಸರಿಸಿ ನಕ್ಷೆ ಮಾಡುತ್ತಾರೆ. ಒಂದು ಲೋಟ ಜಕ್ಕೂರು. 1940ರ ದಶಕದ ಕೊನೆಯಲ್ಲಿ ಶುರುವಾದ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ಊರು. ಅಲ್ಲಿಂದ 1949ರಲ್ಲಿ ಕಲಿತು ಹೊರಬಂದ ಉಷಾ ಸುಂದರಂ ಅವರ ಹೆಸರು ಹೇಳುವಾಗ ಅವರ ದನಿ ಬದಲಾಗುತ್ತದೆ. “ಆ ಕಾಲಕ್ಕೇ ಒಬ್ಬ ಹೆಣ್ಮಗಳು ಕಲಿತಿದಾರಮ್ಮ, ನಿಂದೇನು.” ಆದರೆ ಈಗ ಆ ಮೈದಾನದ ಸುತ್ತ ಬೆಂಗಳೂರು ಬೆಳೆದಿದೆ, ಒಂದು ಕಡೆ ಯಲಹಂಕದ ವಾಯುಪಡೆ, ಇನ್ನೊಂದು ಕಡೆ ದೇವನಹಳ್ಳಿಯ ದೊಡ್ಡ ನಿಲ್ದಾಣ. ಆಕಾಶವೇ ಇಕ್ಕಟ್ಟು. ಎರಡನೇ ಲೋಟ ಮೈಸೂರಿನ ಮಂಡಕಳ್ಳಿ. ಮೂರನೆಯದು ಬೆಳಗಾವಿಯ ಸಾಂಬ್ರಾ. ಕೋಡುಬಳೆಯ ತಟ್ಟೆ ಕಲಬುರಗಿ, ಟೀಪಾಯಿಯ ತುದಿಗೆ.

“ಅದು ದೂರ ಆಯ್ತಲ್ಲ ಸಾರ್,” ಅಪ್ಪ ತಟ್ಟೆಯ ಕಡೆ ಕೈ ತೋರಿಸುತ್ತಾರೆ.

“ರೈಲಿನ ದೂರ ಹೋಗೋವಾಗ ಒಂದ್ಸಲ, ಬರೋವಾಗ ಒಂದ್ಸಲ. ಹಾರದೆ ಹಾಸ್ಟೆಲ್ಲಲ್ಲಿ ಕೂತ ದಿನಗಳನ್ನ ಲೆಕ್ಕ ಹಾಕಿ. ಹುಡುಗರನ್ನ ತಿನ್ನೋದು ಅದು.”

ಆಮೇಲೆ ಬರುವ ಮಾತೆಲ್ಲ ಮಳೆ ಮತ್ತು ಮಂಜಿನದು. ಕಲಿಯುವವರು ಹಾರುವುದು ಕಣ್ಣಿಗೆ ಕಾಣುವ ನೆಲ, ಕೆರೆ, ರಸ್ತೆಗಳನ್ನು ಹಿಡಿದು. ಸಾಮಾನ್ಯವಾಗಿ ಐದು ಕಿಲೋಮೀಟರ್ ದೂರದವರೆಗೆ ಸ್ಪಷ್ಟವಾಗಿ ಕಾಣಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಘಟ್ಟದ ಹತ್ತಿರದ ಊರುಗಳಲ್ಲಿ ಮೋಡ ಕೆಳಗಿಳಿದರೆ ದಿನಗಟ್ಟಲೆ ವಿಮಾನ ಹೊರಗೆ ಬರುವುದಿಲ್ಲ. ಬೆಳಗಾವಿಗೂ ಈ ಕಷ್ಟ ಇದೆ. ಕಲಬುರಗಿಯಲ್ಲಿ ಮಳೆ ಕಡಿಮೆ, ಹಾರುವ ದಿನ ಜಾಸ್ತಿ. ಬೇಸಿಗೆಯಲ್ಲಿ ಮಾತ್ರ ನಡುಮಧ್ಯಾಹ್ನ ಕಾದ ನೆಲದಿಂದ ಏಳುವ ಬಿಸಿಗಾಳಿ ಸಣ್ಣ ವಿಮಾನವನ್ನು ಎತ್ತಿ ಕುಕ್ಕುತ್ತದೆ, ಹಾಗಾಗಿ ಬೆಳಗ್ಗೆ ಬೇಗ, ಸಂಜೆ ತಡವಾಗಿ ಹಾರಬೇಕು. ಸೋಗಾನೆಯಲ್ಲಿ ನಾಳೆ ಶಾಲೆ ಬಂದರೂ ಮಳೆಗಾಲ ಮತ್ತು ಚಳಿಗಾಲದ ಬೆಳಗಿನ ಮಂಜಿನ ಲೆಕ್ಕ ತಪ್ಪುವುದಿಲ್ಲ. ಮಂಜಿನಿಂದ ಪ್ರಯಾಣಿಕ ವಿಮಾನಗಳೇ ಇಳಿಯಲಾಗದೆ ಹಿಂದಿರುಗಿದ್ದುಂಟು.

“ವಾರಕ್ಕೆ ಐದು ಗಂಟೆ ಹಾರಿದ್ರೆ 40 ಗಂಟೆ ಎರಡು ತಿಂಗಳು. ವಾರಕ್ಕೆ ಒಂದೇ ಗಂಟೆ ಆದ್ರೆ ಹತ್ತು ತಿಂಗಳು ಅನ್ಕೊಬೇಡಿ. ಹೋದ ವಾರ ಕಲಿತದ್ದು ಈ ವಾರ ಕೈಯಲ್ಲಿ ಇರಲ್ಲ. 40 ಹೋಗಿ 60 ಆಗುತ್ತೆ. ಆ 20 ಗಂಟೆ ದುಡ್ಡು ನಿಮ್ಮದೇ.”

ಅಪ್ಪ ಜೇಬಿನಿಂದ ಸಣ್ಣ ಪುಸ್ತಕ ತೆಗೆದು ಇದನ್ನು ಬರೆದುಕೊಳ್ಳುತ್ತಾರೆ. ಏನು ನೋಡಬೇಕು ಎಂದು ಅವರು ಕೇಳಿದಾಗ ಯಜಮಾನರು ಹೇಳುವುದು ಒಂದೇ ಮಾತು: “ನೀವು ಮಿಲ್‌ನಲ್ಲಿ ಏನು ನೋಡ್ತಿದ್ರೋ ಅದನ್ನೇ ನೋಡಿ.”

ಸಂಜೆ ದುರ್ಗಿಗುಡಿಯ ಕಣ್ಣಿನ ಡಾಕ್ಟರ ಕೋಣೆ. ಬಣ್ಣಬಣ್ಣದ ಚುಕ್ಕೆಗಳ ನಡುವೆ ಅಡಗಿದ ಅಂಕಿಗಳನ್ನು ಹುಡುಗಿ ಒಂದೊಂದಾಗಿ ಓದುತ್ತಾಳೆ. ಅಪ್ಪ ಹಿಂದಿನಿಂದ ಇಣುಕಿ ತಾವೂ ಓದಿಕೊಳ್ಳುತ್ತಾರೆ. ಇದು ಮನೆಯವರ ಸಮಾಧಾನಕ್ಕೆ ಮಾಡಿಸಿದ್ದು. ಲೈಸೆನ್ಸ್‌ಗೆ ಬೇಕಾದ ಎರಡನೇ ದರ್ಜೆಯ ವೈದ್ಯಕೀಯ ಪರೀಕ್ಷೆಯನ್ನು ನಾಗರಿಕ ವಿಮಾನಯಾನ ನಿರ್ದೇಶನಾಲಯ (ಡಿಜಿಸಿಎ) ಒಪ್ಪಿದ ವೈದ್ಯರೇ ಮಾಡಬೇಕು. ಕನ್ನಡಕ ಇದ್ದರೆ ಅಡ್ಡಿಯಿಲ್ಲ. ಬಣ್ಣದ ಗೊಂದಲ, ಹೃದಯದ ತೊಂದರೆ ಮೊದಲೇ ತಿಳಿಯಬೇಕು; ಶಾಲೆಗೆ ಒಂದು ರೂಪಾಯಿ ಕಟ್ಟುವ ಮುಂಚೆ ಇದು ಮುಗಿದಿರಬೇಕು. ಎಷ್ಟೋ ಮನೆಗಳಲ್ಲಿ ಈ ಸರದಿ ತಿರುಗುಮುರುಗಾಗುತ್ತದೆ.

ಮುಂದೆ ಅವರು ನೋಡಿ ಬಂದ ಶಾಲೆಗಳ ಹೆಸರು, ಊರು ಇಲ್ಲಿ ಬೇಡ. ಒಂದರಲ್ಲಿ ನೀವು ಹೆಚ್ಚು ಹೊತ್ತು ನಿಲ್ಲುವುದೂ ಇಲ್ಲ. ಹವಾನಿಯಂತ್ರಿತ ಕೋಣೆ, ಮೆತ್ತನೆಯ ಸೋಫಾ, ಗಾಜಿನ ಪೆಟ್ಟಿಗೆಯಲ್ಲಿ ಬೋಯಿಂಗ್‌ನ ಬೊಂಬೆ. ಇವತ್ತೇ ಸೇರಿದರೆ ರಿಯಾಯಿತಿ, ಪೂರ್ತಿ ಹಣ ಮುಂಗಡ. ಅಪ್ಪ ಹ್ಯಾಂಗರ್ ನೋಡಬೇಕು ಎನ್ನುತ್ತಾರೆ. ಒಂದಿಷ್ಟು ಹಿಂದೆಮುಂದೆ ನೋಡಿ ಕರೆದೊಯ್ಯುತ್ತಾರೆ. ಹೊಳೆಯುವ ಪುಸ್ತಿಕೆಯಲ್ಲಿ ಹಾರುತ್ತಿದ್ದ ವಿಮಾನಗಳಲ್ಲಿ ಒಂದರ ಎಂಜಿನ್ ಮುಚ್ಚಳ ತೆಗೆದಿಟ್ಟಿದೆ, ಒಳಗೆಲ್ಲ ಧೂಳು. ಇನ್ನೊಂದರ ಟೈರ್ ನೆಲಕ್ಕೆ ಕೂತಿದೆ. ಆಕಾಶದಲ್ಲಿ ಒಂದು ಮೋಡವೂ ಇಲ್ಲದ ಬೆಳಗ್ಗೆ. ಹೊರಗೆ ಒಂದೂ ವಿಮಾನದ ಸದ್ದಿಲ್ಲ.

“ಹೋದ ತಿಂಗಳು ನಿಮ್ಮಲ್ಲಿ ಒಟ್ಟು ಎಷ್ಟು ಗಂಟೆ ಹಾರಾಟ ಆಗಿದೆ?”

“ಸರ್, ಅದೆಲ್ಲ ಆಪರೇಷನ್ಸ್‌ನವರು ನೋಡ್ಕೊಳ್ತಾರೆ.”

ಅಪ್ಪ ಥ್ಯಾಂಕ್ಸ್ ಹೇಳಿ ಮಗಳನ್ನು ಕರೆದುಕೊಂಡು ಹೊರಡುತ್ತಾರೆ.

ಇನ್ನೊಂದು ಶಾಲೆಗೆ ನೀವು ತಲುಪುವಾಗ ಸೂರ್ಯ ಆಗಷ್ಟೇ ಏಳುತ್ತಿದ್ದಾನೆ. ತಗಡಿನ ಮಾಡಿನ ಹ್ಯಾಂಗರ್, ಪ್ಲಾಸ್ಟಿಕ್ ಕುರ್ಚಿಗಳು. ಗೋಡೆಯ ಬಿಳಿ ಹಲಗೆಯ ಮೇಲೆ ಎಡಗಡೆ ವಿಮಾನದ ಗುರುತಿನ ಅಕ್ಷರಗಳು, ಬಲಗಡೆ ವಿದ್ಯಾರ್ಥಿ, ಇನ್‌ಸ್ಟ್ರಕ್ಟರ್, ಹೊರಡುವ ಹೊತ್ತು. ಒಂದು ವಿಮಾನದ ಎದುರು ಕೆಂಪು ಶಾಯಿಯಲ್ಲಿ ಬರೆದಿದೆ: 100 ಗಂಟೆ ತಪಾಸಣೆ. ಕಲಿಸುವ ಮೇಡಂ ಬಂದು ನಮಸ್ಕಾರ ಹೇಳುತ್ತಾರೆ. “ನೀವು ನೋಡ್ತಾ ಇರಿ ಸರ್. ಮೊದಲ ಹಾರಾಟ ಕಳಿಸಿ ಬರ್ತೀನಿ.”

ಒಬ್ಬ ಹುಡುಗ ಸೆಸ್ನಾ 152ರ ಸುತ್ತ ಬರುತ್ತಿದ್ದಾನೆ. ನೀವು ಕೈಗೆಟಕುವಷ್ಟು ಹತ್ತಿರ ನಿಂತಿದ್ದೀರಿ. ರೆಕ್ಕೆಯ ಅಡಿಯಲ್ಲಿರುವ ಸಣ್ಣ ಕವಾಟಕ್ಕೆ ಪಾರದರ್ಶಕ ಕೊಳವೆಯೊಂದನ್ನು ಒತ್ತಿ ಹಿಡಿಯುತ್ತಾನೆ; ಪೆಟ್ರೋಲ್ ಇಳಿದು ತುಂಬಿಕೊಳ್ಳುತ್ತದೆ. ಅದನ್ನು ಬೆಳಕಿಗೆ ಹಿಡಿದು ನೋಡುತ್ತಾನೆ. ತಿಳಿ ನೀಲಿ. ವಿಮಾನದ ಪೆಟ್ರೋಲಿಗೆ ಆ ಬಣ್ಣ ಬೆರೆಸಿರುತ್ತಾರೆ, ಬೇರೆ ಇಂಧನ ಸೇರಿದ್ದರೆ ಕಣ್ಣಿಗೆ ಬೀಳಲಿ ಎಂದು. ರಾತ್ರಿಯ ತಂಪಿಗೆ ಟ್ಯಾಂಕಿನೊಳಗೆ ಇಬ್ಬನಿ ಕಟ್ಟಿದ್ದರೆ ನೀರು ಕೊಳವೆಯ ತಳದಲ್ಲಿ ಗುಂಡಗೆ ಕೂರುತ್ತದೆ. ಇವತ್ತು ಇಲ್ಲ. ಆಮೇಲೆ ಇನ್ನೊಂದು ರೆಕ್ಕೆ, ಆಮೇಲೆ ಮೂತಿಯ ಕೆಳಗೆ. ಪ್ರೊಪೆಲ್ಲರ್‌ನ ಅಂಚಿನ ಮೇಲೆ ಬೆರಳು ಓಡಿಸುತ್ತ ಬಂದು ಒಂದೆಡೆ ನಿಲ್ಲುತ್ತಾನೆ. ಅಕ್ಕಿಕಾಳಿಗಿಂತ ಚಿಕ್ಕ ಕಚ್ಚು. ಕೂಗಿ ಎಂಜಿನಿಯರ್‌ನನ್ನು ಕರೆಯುತ್ತಾನೆ.

ಅಪ್ಪನ ಮುಖ ನೋಡಿ. ಇಲ್ಲಿಗೆ ಬಂದ ಮೇಲೆ ಮೊದಲ ಬಾರಿ ಅದು ಸಡಿಲಾಗಿದೆ. ಎಂಜಿನಿಯರ್ ಬಂದು ಕಚ್ಚು ಪರೀಕ್ಷಿಸಿ, ಅದು ಮಿತಿಯೊಳಗಿದೆ ಎಂದು ಹೇಳಿ, ಪುಸ್ತಕದಲ್ಲಿ ಬರೆದು ಸಹಿ ಹಾಕುವವರೆಗೂ ಹುಡುಗ ವಿಮಾನದ ಬಾಗಿಲು ತೆಗೆಯುವುದಿಲ್ಲ.

“ಆ ಪುಸ್ತಕ ನಾನು ನೋಡಬಹುದಾ?” ಅಪ್ಪ ಕೇಳುತ್ತಾರೆ. ಎಂಜಿನಿಯರ್ ಒಂದು ಕ್ಷಣ ಯೋಚಿಸಿ, ತಾನೇ ಹಿಡಿದುಕೊಂಡು ಪುಟ ತಿರುವುತ್ತಾರೆ. ಮಿಲ್‌ನಲ್ಲಿ ಪ್ರತಿ ಶಿಫ್ಟಿನ ಕೊನೆಗೂ ಇಂಥದೇ ರಿಜಿಸ್ಟರ್ ತುಂಬಿದ ಕಣ್ಣುಗಳು ಅವು. ಯಾವ ದಿನ ಎಷ್ಟು ಓಡಿದೆ, ಯಾವ ದೋಷ ಬಂತು, ಯಾರು ಸರಿಮಾಡಿದರು, ಅದಕ್ಕೆ ಎಷ್ಟು ದಿನ ಹಿಡಿಯಿತು. ಬೇರೆ ಬೇರೆ ದಿನಗಳ ಬರಹ ಒಂದೇ ಶಾಯಿಯಲ್ಲಿ, ಒಂದೇ ಗುಕ್ಕಿಗೆ ಬರೆದಂತಿದೆಯೋ, ದಿನದಿನಕ್ಕೆ ಬರೆದದ್ದೋ ಎಂಬುದನ್ನೂ ಅವರು ಗಮನಿಸುತ್ತಾರೆ.

“ದಿನಕ್ಕೆ ನಾಲ್ಕು ಗಂಟೆ ಓಡಿಸಿದ್ರೆ 25 ದಿನಕ್ಕೆ 100 ಗಂಟೆ ಆಗುತ್ತಲ್ಲ. ತಪಾಸಣೆಗೆ ಹಾಕಿದ ಗಾಡಿ ಎಷ್ಟು ದಿನಕ್ಕೆ ಹೊರಗೆ ಬರುತ್ತೆ?”

“ಸ್ಪೇರ್ ಕೈಯಲ್ಲಿದ್ರೆ ಮೂರ್ನಾಲ್ಕು ದಿನ ಯಜಮಾನ್ರೇ. ಇಲ್ಲಾಂದ್ರೆ ಹೇಳಕ್ಕಾಗಲ್ಲ.”

“ಸ್ಪೇರ್ ಕೈಯಲ್ಲಿದೆಯಾ?”

ಎಂಜಿನಿಯರ್ ಹಿಂದಿನ ಬೀರು ತೆರೆದು ತೋರಿಸುತ್ತಾರೆ: ಫಿಲ್ಟರ್, ಸ್ಪಾರ್ಕ್ ಪ್ಲಗ್, ಬ್ರೇಕ್ ಪ್ಯಾಡ್, ಒಂದು ಜೊತೆ ಟೈರ್. ಇದಕ್ಕಿಂತ ದೊಡ್ಡ ಜಾಹೀರಾತು ಯಾವ ಶಾಲೆಗೂ ಬೇಕಿಲ್ಲ ಎಂದು ನನಗನ್ನಿಸುತ್ತದೆ. ಎಷ್ಟು ವಿಮಾನ ಇವೆ ಎಂದು ಎಲ್ಲರೂ ಕೇಳುತ್ತಾರೆ. ನಿಂತದ್ದು ಎಷ್ಟು ಬೇಗ ಮತ್ತೆ ಓಡುತ್ತದೆ ಎಂದು ಕೇಳಲು ಯಂತ್ರದ ಜೊತೆ ಬದುಕಿದವರೇ ಬೇಕು. ಭದ್ರಾವತಿಯಲ್ಲಿ ಅಂಥವರು ಮನೆಗೊಬ್ಬರಿದ್ದಾರೆ. ಪೈಲಟ್ ಕೋರ್ಸಿನ ಬಗ್ಗೆ ನಮಗೇನು ಗೊತ್ತು ಎಂದು ಅವರು ಹಿಂದೆ ಸರಿಯಬಾರದು.

ಅಷ್ಟರಲ್ಲಿ ಮೇಡಂ ಮಗಳನ್ನು ನಿಂತ ವಿಮಾನವೊಂದರಲ್ಲಿ ಕೂರಿಸಿದ್ದಾರೆ. ಪಕ್ಕದ ಸೀಟಿಗೆ ನೀವೂ ಏರಿ. ಭುಜಕ್ಕೆ ಭುಜ ತಾಗುತ್ತದೆ. ಎರಡೇ ಸೀಟು, ಮೀಟರಿಗಿಂತ ಕಡಿಮೆ ಅಗಲ. ಹಳೆಯ ರೆಕ್ಸಿನ್, ಪೆಟ್ರೋಲ್, ಯಾರದೋ ಬೆವರು, ಎಲ್ಲ ಸೇರಿದ ವಾಸನೆ. ಅವಳು ಚಕ್ರ ಎಡಕ್ಕೆ ತಿರುಗಿಸುತ್ತಾಳೆ. ಎಡರೆಕ್ಕೆಯ ಅಂಚು ಮೇಲೇಳುತ್ತದೆ, ಬಲದ್ದು ಇಳಿಯುತ್ತದೆ. ಪೆಡಲ್ ಒತ್ತಿ, ಬಾಲದ ಕಡೆ ಕತ್ತು ಹೊರಳಿಸಿ ನೋಡುತ್ತಾಳೆ. ಮಾತಿಲ್ಲ.

ಹೊತ್ತೇರಿದಂತೆ ಗಾಳಿಚೀಲ ರನ್‌ವೇಗೆ ಅಡ್ಡಲಾಗಿ ತುಂಬಿಕೊಳ್ಳುತ್ತದೆ. ಮೊದಲ ಬಾರಿ ಒಬ್ಬನೇ ಹಾರಬೇಕಿದ್ದ ಹುಡುಗ ಸಿದ್ಧನಾಗಿ ನಿಂತಿದ್ದಾನೆ. ಅವನ ತಂದೆ ತಾಯಿ ದಾವಣಗೆರೆಯಿಂದ ನೋಡಲು ಬಂದು ಕೂತಿದ್ದಾರೆ. ಮೇಡಂ ಗಾಳಿಯನ್ನು ನೋಡುತ್ತಾರೆ, ರೇಡಿಯೋದಲ್ಲಿ ಕೇಳುತ್ತಾರೆ, ಮತ್ತೆ ಗಾಳಿಚೀಲ ನೋಡುತ್ತಾರೆ. “ಇವತ್ತು ಬೇಡ. ನಾಳೆ ಬೆಳಗ್ಗೆ.” ಹುಡುಗನ ಮುಖ ಬಾಡುತ್ತದೆ. ತಾಯಿ ಏನೋ ಹೇಳಲು ಹೋಗುತ್ತಾರೆ. ಮೇಡಂ ಮೆತ್ತಗೆ, ಆದರೆ ಬಗ್ಗದೆ, ಅದೇ ಮಾತು ಹೇಳುತ್ತಾರೆ. ಆ ಹಾರಾಟ ಆಗಿದ್ದರೆ ಶಾಲೆಗೆ ಹಣ ಬರುತ್ತಿತ್ತು. ಹಲಗೆಯ ಮೇಲಿನ ಅವನ ಹೆಸರನ್ನು ಅವರೇ ಒರೆಸಿ ನಾಳೆಯ ಸಾಲಿಗೆ ಬರೆಯುತ್ತಾರೆ.

ಗೇಟಿನ ಹೊರಗಿನ ಚಹಾ ಅಂಗಡಿಯಲ್ಲಿ ಹುಡುಗಿ ಅಲ್ಲಿನ ವಿದ್ಯಾರ್ಥಿಗಳನ್ನು ಮಾತಾಡಿಸುತ್ತಾಳೆ. ಕಚೇರಿಯವರು ಜೊತೆಗಿಲ್ಲದ ಜಾಗ ಅದು. ಇಲ್ಲಿಗೆ ಬರುವಂತೆ ಹೇಳಿಕೊಟ್ಟದ್ದು ವಿನೋಬನಗರದ ಅಂಕಲ್. ಸೇರಿ ಎಷ್ಟು ತಿಂಗಳಾಯಿತು, ಎಷ್ಟು ಗಂಟೆ ಆಗಿದೆ, ಇನ್‌ಸ್ಟ್ರಕ್ಟರ್ ಎಷ್ಟು ಸಲ ಬದಲಾದರು, ಎಂಜಿನ್ ಶುರುವಾದ ಕ್ಷಣದಿಂದ ಮೀಟರ್ ಓಡುತ್ತದೋ ಚಕ್ರ ನೆಲ ಬಿಟ್ಟ ಮೇಲೋ. ಕೊನೆಯದು ಸಣ್ಣ ವಿಷಯವಲ್ಲ. ದೊಡ್ಡ ವಿಮಾನಗಳ ಓಡಾಟ ಜಾಸ್ತಿ ಇರುವ ನಿಲ್ದಾಣದಲ್ಲಿ ತರಬೇತಿ ವಿಮಾನ ಅವು ಇಳಿದು ಹೋಗುವವರೆಗೆ ರನ್‌ವೇ ಅಂಚಿನಲ್ಲಿ ಎಂಜಿನ್ ಚಾಲೂ ಇಟ್ಟು ಕಾಯಬೇಕು. ಆ ಕಾಯುವಿಕೆಗೂ ಬಿಲ್ ಬರುತ್ತದೆ. ಅದಕ್ಕೇ ಸೋಗಾನೆಯಂಥ ಸದ್ದಿಲ್ಲದ ರನ್‌ವೇ ನೆನಪಾದಾಗಲೆಲ್ಲ ನನಗೆ ಸಂಕಟವಾಗುವುದು.

ಭದ್ರಾವತಿಯ ಜನ್ನಾಪುರ, ಅವರ ಮನೆ. ಊಟ ಮುಗಿದಿದೆ. ಅಮ್ಮ ಇಷ್ಟು ದಿನ ಮಾತಾಡಿರಲಿಲ್ಲ. ಈಗ ಕೇಳುತ್ತಾರೆ: “ಬೀಳಲ್ವಾ ಅದು?” ಮಗಳು ಗ್ಲೈಡ್ ಮಾಡುವುದನ್ನು ವಿವರಿಸಲು ಹೊರಡುತ್ತಾಳೆ. ಅಪ್ಪ ಅವಳನ್ನು ತಡೆದು ಆ ಕಚ್ಚಿನ ಕಥೆ ಹೇಳುತ್ತಾರೆ, ಗಾಳಿಯ ಕಥೆ ಹೇಳುತ್ತಾರೆ. ಅಮ್ಮ ಪೂರ್ತಿ ಕೇಳಿಸಿಕೊಂಡು ಒಳಗೆ ಹೋಗಿ ಬ್ಯಾಂಕಿನ ಪಾಸ್‌ಬುಕ್ ತಂದಿಡುತ್ತಾರೆ.

ಮೇಜಿನ ಮೇಲೆ ಲೆಕ್ಕ. ಗಂಟೆಯ ದರ ಅಷ್ಟೇ ಅಲ್ಲ. ತರಗತಿ, ಹಾಸ್ಟೆಲ್ಲು, ಪರೀಕ್ಷೆ, ರೇಡಿಯೋ ಲೈಸೆನ್ಸ್, ಕೊನೆಯ ಪರೀಕ್ಷಾ ಹಾರಾಟ, ಮೇಲಿಂದ 40ರ ಬದಲು 55 ಗಂಟೆಯ ಅಂದಾಜು. ಮಗಳು ಫೋನಿನಲ್ಲಿ ಡಿಜಿಸಿಎಯ ಪಟ್ಟಿ ತೆರೆಯುತ್ತಾಳೆ. ಅನುಮೋದನೆ ಯಾವ ದಿನದವರೆಗೆ ಇದೆ ಎಂದು ನೋಡುತ್ತಾಳೆ. 2025ರ ಅಕ್ಟೋಬರ್‌ನಿಂದ ಡಿಜಿಸಿಎ ಶಾಲೆಗಳಿಗೆ ದರ್ಜೆಯನ್ನೂ ಕೊಡುತ್ತಿದೆ. ಮೊದಲ ಪಟ್ಟಿಯಲ್ಲಿ ಅತ್ಯುನ್ನತ ದರ್ಜೆ ಯಾರಿಗೂ ಸಿಗಲಿಲ್ಲ. 13 ಶಾಲೆಗಳಿಗೆ ಬಿ, 22ಕ್ಕೆ ಸಿ. ಇದನ್ನು ಓದಿದ ಮೇಲೆ ಅಪ್ಪ ಹೇಳುವುದು, “ನಾವು ಕಣ್ಣಾರೆ ನೋಡಿ ಬಂದಿದ್ದು ಒಳ್ಳೇದಾಯ್ತು.”

ಅವರು ಮೇಡಂಗೆ ಫೋನ್ ಹಚ್ಚಿ ಸ್ಪೀಕರ್ ಒತ್ತುತ್ತಾರೆ.

“ಮೇಡಂ, ಭದ್ರಾವತಿಯಿಂದ. ಮಗಳನ್ನ ಸೇರಿಸ್ತೀವಿ. ಒಂದು ಮಾತು. ಪೂರ್ತಿ ಹಣ ಒಟ್ಟಿಗೆ ಕಟ್ಟಲ್ಲ. ಹತ್ತತ್ತು ಗಂಟೆಗೆ ಕಟ್ತೀವಿ. ಬಿಟ್ಟು ಹೋಗೋ ಹಾಗಾದ್ರೆ ಹಾರದ ಗಂಟೆ ದುಡ್ಡು ವಾಪಸ್ ಅಂತ ಬರೆದು ಕೊಡ್ಬೇಕು.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಹಿಂದೆ ಎಲ್ಲೋ ಎಂಜಿನ್ ಓಡುತ್ತಿರುವುದು ಕೇಳುತ್ತದೆ.

“ಹತ್ತು ಗಂಟೆ ಲೆಕ್ಕ ಆಗಬಹುದು ಸರ್, ಆಫೀಸಲ್ಲಿ ಬರೆಸಿ ಕೊಡ್ತೀನಿ. ಆದ್ರೆ ಈಗಲೇ ಬರಬೇಡಿ. ಮೆಡಿಕಲ್ ಮುಗಿಸಲಿ, ಏರ್ ರೆಗ್ಯುಲೇಷನ್, ನ್ಯಾವಿಗೇಷನ್, ಹವಾಮಾನ ಮನೇಲೇ ಓದಿ ಮುಗಿಸಲಿ. ಮಳೆ ನಿಂತ ಮೇಲೆ, ಅಕ್ಟೋಬರ್ ಮೊದಲ ವಾರ ಕರ್ಕೊಂಡು ಬನ್ನಿ. ಆಗ ದಿನಾ ಹಾರಿಸ್ತೀನಿ.”

ಅಪ್ಪ ಸಣ್ಣ ಪುಸ್ತಕದಲ್ಲಿ ಅಕ್ಟೋಬರ್ ಎಂದು ಬರೆದು, ಪಕ್ಕದಲ್ಲಿ ಹತ್ತು ಗಂಟೆಯ ಮೊತ್ತ ಬರೆಯುತ್ತಾರೆ.